ಸಹಾಯ ಬೇಕು: ಹಳೆಯ ಪತ್ರಿಕೆಗಳಲ್ಲಿ ಸುದ್ದಿಯ ವೇಗವನ್ನು ಅಳೆಯುವುದು ಹೇಗೆ?

ನಮಸ್ಕಾರ. ಟೆಲಿಗ್ರಾಫ್ ಬಂದ ಮೇಲೆ ಪತ್ರಿಕೆಗಳಿಗೆ ಸುದ್ದಿ ತಲುಪುವ ವೇಗ ಹೇಗೆ ಬದಲಾಯಿತು ಎಂಬುದು ನನ್ನ ಸಂಶೋಧನೆಯ ವಿಷಯ. 1866ರಲ್ಲಿ ಅಟ್ಲಾಂಟಿಕ್ ಸಾಗರದಾಳದ ತಂತಿ ಸ್ಥಿರವಾಗಿ ಕೆಲಸ ಮಾಡತೊಡಗುವವರೆಗೂ ಯುರೋಪಿನ ಸುದ್ದಿ ಅಮೆರಿಕಕ್ಕೆ ಹಡಗಿನಲ್ಲೇ ಹೋಗಬೇಕಿತ್ತು. ಘಟನೆ ನಡೆದ ದಿನಕ್ಕೂ ಅದು ಅಚ್ಚಾದ ದಿನಕ್ಕೂ ಇರುವ ಅಂತರವನ್ನು ಲೆಕ್ಕಹಾಕುತ್ತಿದ್ದೇನೆ.

ತೊಡಕಿರುವುದು ಇಲ್ಲಿಯೇ. ವರದಿಯಲ್ಲಿ ‘ನಿನ್ನೆ’ ಎಂದಿದ್ದರೆ ಅದು ಬರೆದವರ ನಿನ್ನೆಯೋ, ಅಚ್ಚು ಹಾಕಿದವರ ನಿನ್ನೆಯೋ ತಿಳಿಯುವುದಿಲ್ಲ. ರಷ್ಯಾದ ಪತ್ರಿಕೆಗಳಲ್ಲಂತೂ ಹಳೆಯ (ಜೂಲಿಯನ್) ಪಂಚಾಂಗ. 19ನೇ ಶತಮಾನದಲ್ಲಿ ಅದು ಇಂದು ನಾವು ಬಳಸುವ ಗ್ರೆಗೋರಿಯನ್ ಪಂಚಾಂಗಕ್ಕಿಂತ 12 ದಿನ ಹಿಂದಿತ್ತು. ತಂತಿ ಸಂದೇಶ ಕಳುಹಿಸುವುದು ದುಬಾರಿಯಾಗಿದ್ದರಿಂದ ಮೊದಲು ಎರಡೇ ಸಾಲು ಬರುತ್ತಿತ್ತು, ಪೂರ್ಣ ವಿವರ ಆಮೇಲೆ ಅಂಚೆಯಲ್ಲಿ. ಇವನ್ನು ಒಂದೇ ಸುದ್ದಿ ಎಂದು ಎಣಿಸಬೇಕೇ, ಎರಡೆಂದೇ? ಎರಡೆಂದು ಎಣಿಸುವುದೇ ಸರಿ ಎಂದು ನನಗನ್ನಿಸುತ್ತದೆ, ಓದುಗರಿಗೆ ಅವು ಎರಡು ಬೇರೆ ಅನುಭವಗಳಲ್ಲವೇ?

ಇನ್ನೊಂದು ಗೊಂದಲ: 1870ರಲ್ಲಿ ಹವಾಸ್, ರಾಯಿಟರ್ಸ್, ವೋಲ್ಫ್ ಎಂಬ ಸುದ್ದಿಸಂಸ್ಥೆಗಳು (ಪತ್ರಿಕೆಗಳಿಗೆ ಸುದ್ದಿ ಮಾರುವ ಸಂಸ್ಥೆಗಳು) ಸುದ್ದಿಯ ಜಗತ್ತನ್ನು ಪ್ರದೇಶವಾರು ತಮ್ಮೊಳಗೆ ಹಂಚಿಕೊಂಡವು. ಒಂದೇ ಸಂಸ್ಥೆಯ ವರದಿ ಹಲವು ಪತ್ರಿಕೆಗಳಲ್ಲಿ ಕಂಡಾಗ ಎಣಿಕೆ ಹೇಗಿರಬೇಕು?

ಇಂಥ ದತ್ತಾಂಶದ ಜೊತೆ ಕೆಲಸ ಮಾಡಿದವರು ನಿಮ್ಮ ವಿಧಾನವನ್ನು ದಯವಿಟ್ಟು ತಿಳಿಸಿ. ಚಿಕ್ಕ ಸಲಹೆಯೂ ನನಗೆ ದೊಡ್ಡದು.