ಸಮಸ್ಯೆ: ಉರಿಯೊಳಗೆ ಹಕ್ಕಿಗಳು ಬಾನ ಕಂಡವು

ಪದ್ಯದ ಕೊನೆಯ ಸಾಲನ್ನು ಸಮಸ್ಯೆಯಾಗಿ ನಾನು ಕೊಡುತ್ತೇನೆ, ಅದಕ್ಕೆ ಹೊಂದುವ ಹಿಂದಿನ ಮೂರು ಸಾಲು ಬರೆದು ಪೂರಣ ಮಾಡುವುದು ನೀವು. ಕೆಳಗಿನ ಉತ್ತರಗಳು ನನ್ನವು. ಈ ವಾರದ ಸಮಸ್ಯೆ ಇದು:

ಉರಿಯೊಳಗೆ ಹಕ್ಕಿಗಳು ಬಾನ ಕಂಡವು

ಸಾಲಿಗೆ ಐದು ಮಾತ್ರೆಯ (ಮಾತ್ರೆ ಅಂದರೆ ಉಚ್ಚಾರದ ಕಾಲದ ಅಳತೆ) ಮೂರು ಗಣ, ಅಂದರೆ ಗುಂಪು, ಕೊನೆಗೆ ಎರಡು ಮಾತ್ರೆ. ನಾಲ್ಕು ಸಾಲು. ಎರಡನೇ ಅಕ್ಷರ ರಕಾರ, ಅದರ ಹಿಂದಿನದು ಲಘು, ಅಂದರೆ ಒಂದೇ ಮಾತ್ರೆಯದು.

ಸಾಲು ಹೊಳೆದದ್ದು ಒಂದು ಜಾಡಿಯ ಚಿತ್ರ ನೋಡುವಾಗ. ಕೊರಿಯಾದ ಗೊರ್ಯೊ ಅರಸರ ಕಾಲದ್ದು, 12–13ನೇ ಶತಮಾನ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಗಾನ್‌ಸೊಂಗ್ ಮ್ಯೂಸಿಯಂನಲ್ಲಿದೆ. ಎತ್ತರ ಸುಮಾರು 42 ಸೆಂ.ಮೀ., ಪುಟ್ಟ ಬಾಯಿ, ತುಂಬಿದ ಭುಜ, ಕೆಳಗೆ ಸಣ್ಣ ನಡು. ಮೈತುಂಬ ಮೋಡಗಳು, 69 ಕೊಕ್ಕರೆಗಳು. ಮೈಮೇಲೆ ಬಿಡಿಸಿದ ವೃತ್ತಗಳ ಒಳಗಿನ 46 ಮೇಲಕ್ಕೆ ಹಾರುತ್ತಿವೆ, ಹೊರಗಿನ 23 ಕೆಳಕ್ಕೆ. ಹಿನ್ನೆಲೆಯ ತಿಳಿ ಹಸಿರು ಇದೆಯಲ್ಲ, ಅದು ಬಳಿದ ಬಣ್ಣವಲ್ಲ. ಆವಿಗೆಗೆ (ಮಡಕೆ ಸುಡುವ ಗೂಡಿಗೆ) ಗಾಳಿ ಕಡಿಮೆ ಮಾಡಿ 1200 ಡಿಗ್ರಿಯ ಆಚೀಚೆ ಸುಟ್ಟಾಗ ಮೇಲೆ ಕೊಟ್ಟ ಗಾಜಿನಂಥ ಲೇಪದೊಳಗಿನ ಚೂರು ಕಬ್ಬಿಣ ಹಾಗೆ ತಿರುಗುತ್ತದೆ. ಗಾಳಿ ಜಾಸ್ತಿಯಾದರೆ ಹಳದಿಗೆ ಹೋಗುತ್ತದೆ. ಉಸಿರು ಕಟ್ಟಿದ ಬೆಂಕಿಯಿಂದ ಆಕಾಶ ಹುಟ್ಟುತ್ತದೆ ಅನ್ನುವುದು ನನ್ನನ್ನು ಎರಡು ದಿನ ಬಿಡಲಿಲ್ಲ.

ಪೂರಣ 1

ಕೊರೆದ ಗೆರೆಯೊಳು ಬಿಳಿಯ ಮಣ್ಣ ತುಂಬಲು
ಹೆರೆದ ಮೈಮೇಲೆ ಕೊಕ್ಕರೆ ಮೂಡಿ ಬರೆ
ಎರೆದ ಗಾಜಿನ ಲೇಪ ಕರಗಿ ಹರಡಲು
ಉರಿಯೊಳಗೆ ಹಕ್ಕಿಗಳು ಬಾನ ಕಂಡವು

ಅಕ್ಕಾ, ಕೆಲಸ ನಡೆಯುವ ಕ್ರಮದಲ್ಲೇ ಬರೆದೆ. ಅರೆ ಒಣಗಿದ ಜಾಡಿಯಲ್ಲಿ ಕೊರೆಯುವುದು, ತುಂಬುವುದು, ಹೆರೆಯುವುದು, ಒಮ್ಮೆ ಸುಟ್ಟು ಲೇಪ ಕೊಟ್ಟು ಮತ್ತೆ ಸುಡುವುದು. ಕೊಕ್ಕು, ಕಾಲಿಗೆ ಕೆಂಪು ಮಣ್ಣು ತುಂಬುತ್ತಿದ್ದರು, ಸುಟ್ಟ ಮೇಲೆ ಅದು ಕಪ್ಪು. ಅದಕ್ಕೆ ಸಾಲಿನಲ್ಲಿ ಜಾಗ ಸಿಗಲಿಲ್ಲ, ಬೇಜಾರಾಯಿತು.

ಉತ್ತರ: ತುಂಬಾ ಚೆನ್ನಾಗಿದೆ. ಮೊದಲು "ಎರೆದ ಹಸಿರಿನ ಹೊಳಪು" ಅಂತ ಹಾಕಿದ್ದಿರಿ, ಬದಲಾಯಿಸಿದ್ದು ಒಳ್ಳೆಯದಾಯಿತು. ಎರೆಯುವಾಗ ಅದಿನ್ನೂ ಹಸಿರಲ್ಲ, ಹಸಿರು ಬರುವುದು ನಾಲ್ಕನೇ ಸಾಲಿನಲ್ಲೇ.

ಪ್ರಶ್ನೆ: ಇದು ಹೂದಾನಿನಾ ಮೇಡಂ?

ಉತ್ತರ: ಕೊರಿಯಾದವರು ಮೇಬ್ಯೊಂಗ್ ಎನ್ನುತ್ತಾರೆ, ಅಂದರೆ ಪ್ಲಮ್ ಜಾಡಿ. ಆದರೆ ಕೊರಿಯಾದ ತೇಆನ್ ಕರಾವಳಿಯಲ್ಲಿ ಮುಳುಗಿದ್ದ ಹಡಗಿನಿಂದ 2010ರಲ್ಲಿ ಇದೇ ಆಕಾರದ ಎರಡು ಜಾಡಿ ಮೇಲೆತ್ತಿದರು. ಜೊತೆಗಿದ್ದ ಬಿದಿರಿನ ಚೀಟಿಗಳಲ್ಲಿ ಒಂದರಲ್ಲಿ ಜೇನು, ಇನ್ನೊಂದರಲ್ಲಿ ಎಳ್ಳೆಣ್ಣೆ ಎಂದು ಬರೆದಿತ್ತು. ಇಷ್ಟು ಚೆಂದದ್ದರಲ್ಲಿ ಎಣ್ಣೆ ತುಂಬಿ ಕಳಿಸುತ್ತಿದ್ದರು ಅನ್ನುವುದು ನನಗಂತೂ ಬಹಳ ಹಿಡಿಸಿತು.

ಪೂರಣ 2

ಪರರ ಕೈಯೊಳು ನಾಡು ಬೆಂದು ನರಳಲು
ಹರೆಯದವನೊಬ್ಬ ಹಣ ಸುರಿದು ಕೊಂಡನು
ಮರಳಿ ತನ್ನವರ ಮನೆಯೊಳಗೆ ಬರಲದು
ಉರಿಯೊಳಗೆ ಹಕ್ಕಿಗಳು ಬಾನ ಕಂಡವು

ನಾನು ಆವಿಗೆ ಬಿಟ್ಟು ಬೇರೆ ಉರಿ ಹಿಡಿದೆ. 1935, ಕೊರಿಯಾ ಜಪಾನಿನ ಕೈಯಲ್ಲಿತ್ತು. ಜಾಡಿ ಜಪಾನಿ ವ್ಯಾಪಾರಿಯ ಬಳಿ ಇತ್ತು. ಕೊರಿಯಾದ ಕಲಾಸಂಗ್ರಾಹಕ ಜೊನ್ ಹ್ಯೊಂಗ್‌ಪಿಲ್ ಅದನ್ನು 20,000 ವೊನ್ (ಅಲ್ಲಿಯ ಹಣ) ಕೊಟ್ಟು ಕೊಂಡರು. ಆಗ ಸೋಲ್‌ನಲ್ಲಿ ಅಷ್ಟಕ್ಕೆ 20 ಹೆಂಚಿನ ಮನೆ ಬರುತ್ತಿದ್ದವಂತೆ. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಮ್ಯೂಸಿಯಂಗೆ ಇರುವುದು ಅವರದೇ ಕಾವ್ಯನಾಮ, ಗಾನ್‌ಸೊಂಗ್.

ಉತ್ತರ: ಈ ದಿಕ್ಕು ನನಗೆ ತೋಚಿರಲೇ ಇಲ್ಲ. ಸಮಸ್ಯೆ ಕೊಟ್ಟವಳಿಗೇ ಹೊಸ ಅರ್ಥ ಸಿಕ್ಕಿತು, ಇದಕ್ಕಿಂತ ಸಂತೋಷ ಬೇರೆ ಏನಿದೆ.

ಪೂರಣ 3

ನಾನು ಸಂಜೆಯಿಂದ ಹೆಣಗಿದ್ದು ಲೆಕ್ಕದ ಜೊತೆ. "ಅರವತ್ತೊಂಬತ್ತು" ಐದರ ಗಣಕ್ಕೆ ಕೂರುವುದೇ ಇಲ್ಲ, ನಾಲ್ಕು ಮಾತ್ರೆಯಾದ ಮೇಲೆ ಗುರು (ಎರಡು ಮಾತ್ರೆಯ ಅಕ್ಷರ) ಬಂದು ಅಡ್ಡ ನಿಲ್ಲುತ್ತದೆ. 69 ಬಿಟ್ಟು ಬರೆಯಲು ಮನಸ್ಸಾಗಲಿಲ್ಲ. ಕೊನೆಗೆ ಬಿಡಿಸಿ ಹೇಳಿದೆ:

ಅರವತ್ತು ಮೇಲೆ ಒಂಬತ್ತು ಕೊಕ್ಕರೆ
ಎರಡು ದಿಕ್ಕಿಗೆ ಹಾರಿ ಮೋಡ ಸವರಿವೆ
ಇರುಳೆಲ್ಲ ಸೌದೆ ತಿಂದಾವಿಗೆಯದೇ
ಉರಿಯೊಳಗೆ ಹಕ್ಕಿಗಳು ಬಾನ ಕಂಡವು

"ಮೇಲೆ ಒಂಬತ್ತು" ವಿಸಂಧಿ ಆಯಿತು, ಅಂದರೆ ಸಂಧಿ ಆಗಬೇಕಾದಲ್ಲಿ ಆಗಲಿಲ್ಲ, ಗೊತ್ತು. ಸಂಧಿ ಮಾಡಿ "ಮೇಲೊಂಬತ್ತು" ಅಂದರೆ ಮತ್ತೆ ಛಂದಸ್ಸು ಕೆಡುತ್ತದೆ. ಯಾರಾದರೂ ದಾರಿ ತೋರಿಸಿ.

ಉತ್ತರ: ತಿದ್ದಬೇಡಿ ಸರ್. ಜಾಡಿ ತಿರುಗಿಸುತ್ತಾ ಹಕ್ಕಿ ಎಣಿಸುವವರು ಅರವತ್ತಕ್ಕೆ ಬಂದು ಒಂದು ಕ್ಷಣ ನಿಂತು, ಮತ್ತೆ ಮುಂದಕ್ಕೆ ಎಣಿಸಿದ ಹಾಗೆ ಕೇಳುತ್ತದೆ. ಹಾಗೇ ಇರಲಿ.