ಇರೋದೊಂದೇ ಫೋಟಾನ್, ಅದಕ್ಕೂ ಫಿಲ್ಟರ್ರೇ?

ಮೇಷ್ಟ್ರು ಫೋಟಾನ್, ಅಂದರೆ ಬೆಳಕಿನ ಕಣದ ವಿಷಯ ಎತ್ತಿದ ಕೂಡಲೇ ವಕೀಲರು ಅಡ್ಡ ಬಾಯಿ ಹಾಕಿದರು.

"ತಡೀರಿ. ಒಂದೇ ಒಂದು ಕಣ ಅಂತೀರಿ. ಅದಕ್ಕೆ ಉದ್ದ, ಅಗಲ ಬೇರೆ ಇದೆ ಅಂತೀರಿ. ಎರಡರಲ್ಲಿ ಒಂದು ಸುಳ್ಳು."

"ಎರಡೂ ನಿಜ. ಒಂದು ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು) ಉದ್ದದ ಫೋಟಾನ್ ಅಂದರೆ ಸುಮಾರು 0.3 ಮಿಲಿಮೀಟರ್. ಅದರಲ್ಲಿ ಎಲ್ಲಿ ಸಿಗುತ್ತೆ ಅಂತ ಮೊದಲೇ ಹೇಳೋಕಾಗಲ್ಲ. ಸಿಕ್ಕಾಗ ಡಿಟೆಕ್ಟರ್ ಒಂದೇ ಸಲ ಟಕ್ ಅನ್ನುತ್ತೆ. ಅರ್ಧ ಟಕ್ ಇಲ್ಲ. ಮತ್ತೆ ಫೋಟಾನ್ ಎಷ್ಟು ಚಿಕ್ಕದೋ ಅದರೊಳಗೆ ಬಣ್ಣಗಳು ಅಷ್ಟು ಜಾಸ್ತಿ. ಆ ಬಣ್ಣಗಳ ಹರವೇ ಅಗಲ. ಇದಕ್ಕೆ ಸುಮಾರು 400 ಗಿಗಾಹರ್ಟ್ಸ್, ಅಂದರೆ 4 ಲಕ್ಷ ಮೆಗಾಹರ್ಟ್ಸ್ ಅಗಲ."

"ಇರಲಿ ಬಿಡಿ, ಯಾರಿಗೇನು ತೊಂದರೆ?" ಅಂದರು ಆಡಿಟರ್.

"ಈ ಫೋಟಾನನ್ನು ಹೀರಬೇಕಾದ ರುಬಿಡಿಯಂ ಪರಮಾಣುವಿಗೆ ತೊಂದರೆ. ಅದು ಸಹಜವಾಗಿ ಒಪ್ಪೋದು 6 ಮೆಗಾಹರ್ಟ್ಸ್ ಅಗಲ ಮಾತ್ರ."

"ಫಿಲ್ಟರ್ ಹಾಕಿ ಮಿಕ್ಕಿದ್ದು ತೆಗೀರಿ." ಇದು ನನ್ನ ಸಲಹೆ.

ಆಡಿಟರ್ ಆಗಲೇ ಮೊಬೈಲ್‌ನಲ್ಲಿ ಲೆಕ್ಕ ಹಾಕಿದ್ದರು. "66 ಸಾವಿರ ಫೋಟಾನ್ ಕಳಿಸಿದರೆ ಒಂದು ದಾಟುತ್ತೆ. ಈ ಖರ್ಚಿಗೆ ನಾನು ಸೈನ್ ಹಾಕಲ್ಲ."

"ಹಾಗಾದರೆ ಮೊದಲೇ ನಾಲ್ಕು ಜೆರಾಕ್ಸ್ ಮಾಡಿಟ್ಟುಕೊಳ್ಳಿ," ಅಂದರು ವಕೀಲರು.

"ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯ ನಕಲು ಮಾಡೋಕೆ ಸಾಧ್ಯವೇ ಇಲ್ಲ ಅಂತ 1982ರಲ್ಲೇ ಸಾಬೀತಾಗಿದೆ."

ಅಪೀಲಿಗೂ ಅವಕಾಶವಿಲ್ಲ ಅಂತ ತಿಳಿದು ವಕೀಲರ ಮುಖ ಸಪ್ಪಗಾಯಿತು.

ಮೇಷ್ಟ್ರು ಹುರುಪಿಗೆ ಬಂದರು. "ಅದಕ್ಕೇ ಕತ್ತರಿಸಬಾರದು, ಬಣ್ಣಗಳನ್ನ ಜರುಗಿಸಬೇಕು. ಮೊದಲು ಫೋಟಾನನ್ನು ಉದ್ದದ ಫೈಬರ್‌ಗೆ ಬಿಡಿ. 1550 ನ್ಯಾನೋಮೀಟರ್ ತರಂಗಾಂತರದ ಹತ್ತಿರ, ಸಾಮಾನ್ಯ ಫೈಬರ್‌ನಲ್ಲಿ ನೀಲಿ ಕಡೆಯದು ಮುಂದೆ ಓಡುತ್ತೆ, ಕೆಂಪು ಕಡೆಯದು ಹಿಂದೆ ಬೀಳುತ್ತೆ. ಒಂದು ನ್ಯಾನೋಮೀಟರ್ ವ್ಯತ್ಯಾಸಕ್ಕೆ ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ ಅಂತರ."

"ಅಲ್ಲಿ ನೀಲಿ, ಕೆಂಪು ಕಣ್ಣಿಗೆ ಕಾಣುತ್ತಾ?"

"ಇಲ್ಲ, ಎಲ್ಲಾ ಇನ್‌ಫ್ರಾರೆಡ್. ಸುಮ್ನೆ ಗುರುತಿಗೆ ಹಾಗಂತೀವಿ."

"ಕಾಣದ ಕಣ, ಕಾಣದ ಬಣ್ಣ. ಸಾಕ್ಷಿ ಭರ್ಜರಿಯಾಗಿದೆ."

"ಕೇಳ್ರೀ! ಹೀಗೆ ಉದ್ದ ಆದ ಫೋಟಾನನ್ನು ಲಿಥಿಯಂ ನಯೋಬೇಟ್ ಹರಳಿನ ಮಾಡ್ಯುಲೇಟರ್‌ಗೆ, ಅಂದರೆ ವಿದ್ಯುತ್‌ನಿಂದ ಬೆಳಕನ್ನು ತಿದ್ದೋ ಸಾಧನಕ್ಕೆ ತೂರಿಸಬೇಕು. ವೋಲ್ಟೇಜ್ ಕೊಟ್ಟರೆ ಆ ಹರಳಿನ ವಕ್ರೀಭವನ, ಅಂದರೆ ಬೆಳಕನ್ನು ನಿಧಾನಿಸೋ ಗುಣ, ಬದಲಾಗುತ್ತೆ. ವೋಲ್ಟೇಜ್ ಸುಮ್ಮನೆ ನಿಂತಿದ್ದರೆ ಬಣ್ಣಕ್ಕೆ ಏನೂ ಆಗಲ್ಲ. ಬದಲಾಗ್ತಾ ಇರುವಾಗಲೇ ಫೋಟಾನ್ ದಾಟಬೇಕು. ವಕ್ರೀಭವನ ಏರುತ್ತಿದ್ದರೆ ಬಣ್ಣ ಕೆಂಪಿನ ಕಡೆ, ಇಳಿಯುತ್ತಿದ್ದರೆ ನೀಲಿಯ ಕಡೆ ಜರುಗುತ್ತೆ. ಈಗ ಮುಂದಿರೋ ನೀಲಿ ದಾಟುವಾಗ ಏರಿಸಿ, ಹಿಂದಿರೋ ಕೆಂಪು ದಾಟುವಾಗ ಇಳಿಸಿ."

ನನಗೆ ಹೊಳೆಯಿತು. "ಎರಡೂ ನಡುವಿನ ಬಣ್ಣಕ್ಕೆ ಬಂದು ಸೇರುತ್ತವೆ!"

"ಅದೇ ಟೈಮ್ ಲೆನ್ಸ್. ಗಾಜಿನ ಲೆನ್ಸ್ ನಡುವೆ ದಪ್ಪ ಇರುತ್ತಲ್ಲ, ಇದರ ಉಬ್ಬು ಇರೋದು ಕಾಲದಲ್ಲಿ."

"ನೀಲಿ ಕೆಂಪಿನ ಕಡೆ ಬಂದರೆ ಶಕ್ತಿ ಕಳಕೊಂಡ ಹಾಗಲ್ವಾ? ಯಾರ ಖಾತೆಗೆ ಜಮಾ?" ಆಡಿಟರ್ ಬಿಡಲಿಲ್ಲ. ಒಳ್ಳೆ ಪ್ರಶ್ನೆಯೇ.

"ಹರಳಿಗೆ ಕೊಟ್ಟ ವಿದ್ಯುತ್ ಸಿಗ್ನಲ್ ಖಾತೆಗೆ. ಕೆಂಪಿಗೆ ಕೊಡೋದೂ ಅದೇ."

"66 ಸಾವಿರ ಪಟ್ಟೂ ಹೀಗೇ ಕಿರಿದಾಗುತ್ತಾ?"

"ಇಲ್ಲ. ಒಂದೇ ಮಾಡ್ಯುಲೇಟರ್‌ನಲ್ಲಿ ಅಷ್ಟೆಲ್ಲಾ ಆಗಲ್ಲ. ಮತ್ತೆ 1550ರಿಂದ ರುಬಿಡಿಯಂನ 780ಕ್ಕೆ ಹಾರಬೇಕಾದರೆ ಬೇರೆ ಹರಳು ಬೇಕು, ಜೊತೆಗೆ ಜೋರು ಲೇಸರ್. ಅದು ಇನ್ನೊಂದು ದಿನದ ಮಾತು."

"ಇಷ್ಟೆಲ್ಲಾ ಪರಮಾಣುವಿನ ಮರ್ಜಿ ಕಾಯೋಕಾ?" ಅಂದೆ.

"ಅಷ್ಟೇ ಅಲ್ಲ. ಒಂದೇ ಥರದ ಎರಡು ಫೋಟಾನ್ ಅರೆಪಾರದರ್ಶಕ ಕನ್ನಡಿಗೆ ಎರಡು ಬದಿಯಿಂದ ಒಟ್ಟಿಗೇ ಬಂದರೆ, ಯಾವಾಗಲೂ ಒಂದೇ ಬಾಗಿಲಿಂದ ಜೊತೆಯಾಗಿ ಹೊರಗೆ ಹೋಗುತ್ತವೆ. ಹಾಂಗ್, ಓ, ಮ್ಯಾಂಡೆಲ್ ಇದನ್ನ 1987ರಲ್ಲಿ ತೋರಿಸಿದರು. ಬೆಳಕಿನ ಕ್ವಾಂಟಮ್ ಕಂಪ್ಯೂಟರ್‌ಗೆ ಇದೇ ಜೀವಾಳ. ಬಣ್ಣವೋ ಆಕಾರವೋ ಚೂರು ಬೇರೆಯಾದರೂ ಜೋಡಿ ಕೈಕೊಡುತ್ತೆ. ಅದಕ್ಕೇ ತಿದ್ದಿ ಒಂದೇ ಥರ ಮಾಡೋದು."

ಆಡಿಟರ್ ಮೊಬೈಲ್ ಕೆಳಗಿಟ್ಟರು. "ಒಪ್ಪಿದೆ. ಕತ್ತರಿ ಇಲ್ಲ, ಪೋಲು ಇಲ್ಲ. ಮಾಡ್ಯುಲೇಟರ್‌ಗೆ ನೂರು ಫೋಟಾನ್ ಹಾಕಿದರೆ ನೂರೂ ಬರ್ತವೆ ತಾನೆ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. "ತತ್ವದಲ್ಲಿ ನೂರು."

"ಅಂಗಡಿಯಿಂದ ತಂದದ್ದರಲ್ಲಿ?"

"...ಸುಮಾರು ಐವತ್ತು."

ವಕೀಲರು ಎದ್ದು ನಿಂತೇ ಚಪ್ಪಾಳೆ ಹೊಡೆದರು.