ಪ್ರವಾಸ ಭತ್ಯೆ ಬಿಲ್ಲು: ನೇರ ವಿಮಾನದ ದರಕ್ಕೆ ಆಕ್ಷೇಪಣೆ ಬಂದಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೇಂದ್ರ ಸರ್ಕಾರಿ ಕಚೇರಿ, ಪೇ ಲೆವೆಲ್ 8, ಬೆಂಗಳೂರಿಂದ ದೆಹಲಿಗೆ ಅಧಿಕೃತ ಪ್ರವಾಸ. ಎಕಾನಮಿಗೆ ಅರ್ಹತೆ ಇದೆ, ಅದರಲ್ಲಿ ತಕರಾರಿಲ್ಲ. ಟಿಕೆಟ್ ಸರ್ಕಾರಿ ಪ್ರವಾಸಕ್ಕೆ ಅಧಿಕೃತ ಏಜೆಂಟ್ ಆದ ಐಆರ್‌ಸಿಟಿಸಿ ಮೂಲಕವೇ ಆಗಿದೆ. ಸಭೆ ದಿಢೀರ್ ನಿಗದಿಯಾದ್ದರಿಂದ ಹೊರಡಲು 72 ಗಂಟೆಗಿಂತ ಕಡಿಮೆ ಇರುವಾಗ ಬುಕ್ ಮಾಡಬೇಕಾಯ್ತು. ಅದಕ್ಕೆ ಕಾರಣ ಕೊಟ್ಟು ಸ್ವಯಂ ಘೋಷಣೆ, ಬೋರ್ಡಿಂಗ್ ಪಾಸ್ ಎರಡೂ ಲಗತ್ತಿಸಿದೆ.

ತೊಡಕು ಇಲ್ಲಿ. ಬೆಳಿಗ್ಗೆ 9ರಿಂದ 12ರ ಸ್ಲಾಟಿನಲ್ಲಿ (ದರ ಹೋಲಿಸಲು ನಿಗದಿಯಾದ ಸಮಯದ ಅವಧಿ) ನೇರ ವಿಮಾನ 7,800 ರೂ., ಹೈದರಾಬಾದಿನಲ್ಲಿ ಇಳಿದು ಹೋಗುವುದು 6,900 ರೂ. ತಗೊಂಡಿದ್ದು ನೇರ ವಿಮಾನ. ಬಿಲ್ ಶಾಖೆಯವರು "ಸ್ಲಾಟಿನ ಅತಿ ಕಡಿಮೆ ದರ ಮಾತ್ರ" ಅಂತ 900 ರೂ. ಕಡಿತಕ್ಕೆ ಬರೆದು ಬಿಲ್ ವಾಪಸ್ ಕಳಿಸಿದ್ದಾರೆ. ವೆಚ್ಚ ಇಲಾಖೆಯ 2022ರ ಜೂನ್ ಆದೇಶದಲ್ಲಿ ಕಡಿಮೆ ದರದ ಜೊತೆಗೇ "ಸಾಧ್ಯವಾದಷ್ಟು ನೇರ ವಿಮಾನ" ಅಂತಲೂ ಇದೆಯಲ್ಲ! ಆದೇಶದ ಪ್ರತಿ ತೋರಿಸಿದರೂ ಒಪ್ಪುತ್ತಿಲ್ಲ.

ಪ್ರವಾಸ ಮುಗಿದ 60 ದಿನದೊಳಗೇ ಬಿಲ್ ಕೊಟ್ಟಾಗಿದೆ, ಆದರೆ ಆ ಗಡುವು ಈಗ ಹತ್ತಿರ ಬಂದಿದೆ.

ದರದ ಹೋಲಿಕೆ ನೇರ ವಿಮಾನಗಳ ನಡುವೆ ಮಾತ್ರವೋ, ಸ್ಲಾಟಿನ ಎಲ್ಲ ವಿಮಾನಗಳ ನಡುವೆಯೋ? ಆಕ್ಷೇಪಣೆಗೆ ಉತ್ತರಿಸಿ ಮರುಸಲ್ಲಿಸಿದರೆ ಮೊದಲು ಕೊಟ್ಟ ದಿನಾಂಕವೇ ಲೆಕ್ಕಕ್ಕೆ ಬರುತ್ತಾ? ಡಿಡಿಒ (ಬಿಲ್ಲಿನ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ) ಆಗಿರುವವರು, ಲೆಕ್ಕಪತ್ರ ಶಾಖೆಯಲ್ಲಿ ಇರುವವರು ದಯವಿಟ್ಟು ತಿಳಿಸಿ.